ಕೆರೆ ಏರಿ ಮೇಲೊಂದು ಚೈತ್ರದ ಬೆಳಗು: ಹಕ್ಕಿ ನೋಡುವವರಿಗೆ ಹದಿನಾಲ್ಕು ಸೂತ್ರ

ಹಕ್ಕಿ ನೋಡಲು ಹೋದವರು ಬರಿಗೈಯಲ್ಲಿ ಬರುವುದು ಹಕ್ಕಿ ಇಲ್ಲದ್ದರಿಂದ ಅಲ್ಲ, ಕಾಲು ಸುಮ್ಮನಿರದ್ದರಿಂದ. ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಯಾವ ಭಾನುವಾರ ಬೇಕಾದರೂ ಹೋಗಿ ನೋಡಿ. ಕ್ಯಾಮೆರಾ ಹೊತ್ತ ಗುಂಪೊಂದು ಏರಿಯ ಈ ತುದಿಯಿಂದ ಆ ತುದಿಗೆ ದಾಪುಗಾಲು ಹಾಕಿ, "ಇವತ್ತು ಏನೂ ಇಲ್ಲ ಕಣೋ" ಎಂದು ಕಾಫಿಗೆ ಹೊರಟಿರುತ್ತದೆ. ಅದೇ ಹೊತ್ತಿಗೆ ಬೆಂಚಿನ ಮೇಲೆ ಕೂತ ನಿವೃತ್ತ ಮೇಷ್ಟ್ರೊಬ್ಬರು ಸದ್ದಿಲ್ಲದೆ ಇಪ್ಪತ್ತು ಜಾತಿ ನೋಡಿ ಮುಗಿಸಿರುತ್ತಾರೆ. ಕೆಳಗಿನ ಸೂತ್ರಗಳೆಲ್ಲ ಆ ಮೇಷ್ಟ್ರ ಪಕ್ಷದವು. ಉದಾಹರಣೆಗಳು ಹೆಚ್ಚಾಗಿ ಮೈಸೂರು ಸೀಮೆಯವು. ನಿಮ್ಮೂರಿನ ಕೆರೆಗೂ ತೋಪಿಗೂ ಅವನ್ನು ಹೊಂದಿಸಿಕೊಳ್ಳುವುದು ಕಷ್ಟವಲ್ಲ.

1. ಶಿವರಾತ್ರಿ ಕಳೆಯಲಿ, ಯುಗಾದಿ ದಾಟಿ ತೀರಾ ದೂರ ಹೋಗದಿರಲಿ

ಹಕ್ಕಿ ನೋಡಲು ಚಳಿಗಾಲವೇ ಸರಿ ಎನ್ನುವವರಿದ್ದಾರೆ. ಸಂಖ್ಯೆಯ ಲೆಕ್ಕದಲ್ಲಿ ಅವರ ಮಾತು ನಿಜ. ಆದರೆ ಮಾರ್ಚ್ ನಡುವಿನಿಂದ ಏಪ್ರಿಲ್ ಮೊದಲ ಭಾಗದವರೆಗಿನ ಕೆಲವು ವಾರಗಳಲ್ಲಿ ಒಂದು ವಿಶೇಷವಿದೆ: ನೆಂಟರು ಇನ್ನೂ ಹೊರಟಿಲ್ಲ, ಮನೆಯವರ ಸಂಸಾರ ಆಗಲೇ ಶುರುವಾಗಿದೆ. ಉತ್ತರದಿಂದ ಬಂದ ಬಾತುಗಳಲ್ಲಿ ಕೆಲವು ಕೆರೆಯಲ್ಲೇ ಉಳಿದಿರುತ್ತವೆ; ಗಂಡಿನ ಕಣ್ಣಿನ ಮೇಲೆ ಬಿಳಿ ಹುಬ್ಬು ಎಳೆದಂತಿರುವ ಬಾತು ಎಲ್ಲರಿಗಿಂತ ತಡವಾಗಿ ಹೊರಡುವವರಲ್ಲಿ ಒಂದು. ಹಳದಿ ಸಿಪಿಲೆಗಳು ಪಯಣಕ್ಕೆ ಮುಂಚೆ ಹೊಸ ಹಳದಿ ಉಟ್ಟು ಕೆಸರಿನಲ್ಲಿ ಬಾಲ ಕುಣಿಸುತ್ತಿರುತ್ತವೆ. ಗುಲಾಬಿ ಕಬ್ಬಕ್ಕಿಗಳು ಹಿಂಡುಹಿಂಡಾಗಿ ಊರು ಬಿಡುವ ತಯಾರಿಯಲ್ಲಿರುತ್ತವೆ. ಅತ್ತ ರಂಗನತಿಟ್ಟಿನ ನಡುಗಡ್ಡೆಗಳಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳ ಗೂಡು ತುಂಬಿರುತ್ತದೆ. ಇತ್ತ ಊರೊಳಗೆ ಕೋಗಿಲೆ ಗಂಟಲು ಸರಿಮಾಡಿಕೊಂಡಿರುತ್ತದೆ.

ಇನ್ನೊಂದು ಅನುಕೂಲವೂ ಇದೆ. ಈ ಕಾಲದಲ್ಲಿ ಎಷ್ಟೋ ಮರ ಎಲೆ ಉದುರಿಸಿ ನಿಂತಿರುತ್ತವೆ. ಮಳೆಗಾಲದಲ್ಲಿ ಹಸಿರಿನೊಳಗೆ ಅಡಗಿ ಸತಾಯಿಸುವ ಮರಕುಟಿಗ ಈಗ ಬೋಳು ಕೊಂಬೆಯ ಮೇಲೆ ಮರೆಯಿಲ್ಲದೆ ಸಿಗುತ್ತದೆ.

2. ಸೂರ್ಯನಿಗಿಂತ ಮೊದಲು ಹೋಗಿ, ಸೂರ್ಯನಿಗೆ ಬೆನ್ನು ಹಾಕಿ

ಮಾರ್ಚ್ ನಡುವಿನಲ್ಲಿ ಮೈಸೂರಿನಲ್ಲಿ ಹೊತ್ತು ಹುಟ್ಟುವುದು ಸುಮಾರು ಆರೂವರೆಗೆ. ಆರೂಕಾಲಿಗೆ ನೀವು ಕೆರೆ ದಂಡೆಯಲ್ಲಿರಬೇಕು. ಆ ಮೊದಲ ಅರ್ಧ ಗಂಟೆಯಲ್ಲಿ ಇರುಳು ಬಕಗಳು ಪಾಳಿ ಮುಗಿಸಿ ಮರ ಸೇರುತ್ತಿರುತ್ತವೆ, ಬೆಳ್ಳಕ್ಕಿಗಳು ರಾತ್ರಿ ತಂಗಿದ ಮರ ಬಿಟ್ಟು ಮೇವಿಗೆ ಹೊರಡುತ್ತಿರುತ್ತವೆ. ಬೆಳಗಿನ ಹೊತ್ತು ಕೆರೆಯ ಎರಡು ಪಾಳಿಯವರೂ ಒಟ್ಟಿಗೆ ಕಾಣುವುದು ಆಗ ಮಾತ್ರ.

ನಿಲ್ಲುವುದು ಪೂರ್ವದ ದಂಡೆಯಲ್ಲಿ, ನೋಡುವುದು ಪಶ್ಚಿಮಕ್ಕೆ. ಎದುರು ಬಿಸಿಲಿಗೆ ಎಲ್ಲ ಹಕ್ಕಿಯೂ ಕಾಗೆಯೇ. ಇಷ್ಟು ಸಣ್ಣ ವಿಷಯವನ್ನು ಮರೆತು, ದುಬಾರಿ ಲೆನ್ಸಿನ ಮೇಲೆ ತಪ್ಪು ಹೊರಿಸುವವರನ್ನು ಬೇಕಾದಷ್ಟು ನೋಡಿದ್ದೇನೆ.

3. ಮನೆ ಹತ್ತಿರದ ಕೆರೆ ಸಾಕು

ರಂಗನತಿಟ್ಟು ದೊಡ್ಡ ಹೆಸರು. ಪಕ್ಷಿತಜ್ಞ ಸಲೀಂ ಅಲಿ ಅಲ್ಲಿನ ಹಕ್ಕಿಗಳನ್ನು ಕಂಡು ಮೈಸೂರು ಅರಸರಿಗೆ ಹೇಳಿದ್ದು, 1940ರಲ್ಲಿ ಅದು ಪಕ್ಷಿಧಾಮವಾದದ್ದು, 2022ರಲ್ಲಿ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೋಗಿ ಬನ್ನಿ, ದೋಣಿ ಹತ್ತಿ, ಬಂಡೆಯ ಮೇಲೆ ಮಲಗಿದ ಮೊಸಳೆಯನ್ನೂ ನೋಡಿ. ಆದರೆ ಹಕ್ಕಿ ನೋಡುವುದನ್ನು ಕಲಿಯುವುದು ಅಲ್ಲಲ್ಲ. ಕಲಿಯುವುದು ವಾರಕ್ಕೊಮ್ಮೆ ಹಲ್ಲುಜ್ಜಿದ ತಕ್ಷಣ ತಲುಪಬಹುದಾದ ಕೆರೆಯಲ್ಲಿ. ಮೈಸೂರಿನವರಿಗೆ ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಇವೆ. ಧಾರವಾಡದವರಿಗೆ ಕೆಲಗೇರಿ ಕೆರೆ, ಗದಗದವರಿಗೆ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿ ಕಡೆಯವರಿಗೆ ಅಂಕಸಮುದ್ರ. ಹೆಸರೇ ಇಲ್ಲದ ಊರ ಮುಂದಿನ ಕಟ್ಟೆಯಾದರೂ ನಡೆದೀತು.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದವರಿಗೆ ಮಾತ್ರ ಬದಲಾವಣೆ ಕಾಣುತ್ತದೆ. ಹೋದ ವಾರ ಇದ್ದ ಬಾತಿನ ಹಿಂಡು ಈ ವಾರ ಇಲ್ಲ ಎಂದು ಗೊತ್ತಾಗಬೇಕಾದರೆ ಹೋದ ವಾರವೂ ನೀವು ಅಲ್ಲಿರಬೇಕು.

4. ಕೆರೆಯನ್ನು ಹೋಳು ಮಾಡಿ ನೋಡಿ

ಕೆರೆ ಎಂದರೆ ಒಂದೇ ನೀರಿನ ಹಾಳೆಯಲ್ಲ. ನಮ್ಮ ಹಿರಿಯರು ಕಟ್ಟಿದ ಕೆರೆಗಳಿಗೆಲ್ಲ ಏರಿ, ತೂಬು, ಕೋಡಿ, ಅಂಗಳ ಎಂಬ ಅಂಗಾಂಗಗಳಿವೆ. ಒಂದೊಂದು ಅಂಗಕ್ಕೂ ಅದರದೇ ಒಕ್ಕಲು ಇದೆ. ಇದನ್ನು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಏರಿಯ ಹತ್ತಿರ ನೀರು ಆಳ. ಅಲ್ಲಿ ಮುಳುಗಿ ಮೀನು ಹಿಡಿಯುವವರದು ರಾಜ್ಯ: ನೀರುಕಾಗೆ, ಹಾವಕ್ಕಿ, ಗುಳುಮುಳುಕ. ಹಣೆಯಲ್ಲಿ ಬಿಳಿ ನಾಮ ಇಟ್ಟುಕೊಂಡ ಕಪ್ಪು ನಾಮಕೋಳಿಗಳೂ ಅಲ್ಲೇ ತೇಲುತ್ತಿರುತ್ತವೆ. ಹೆಜ್ಜಾರ್ಲೆ ಮುಳುಗುವುದಿಲ್ಲ. ತೇಲುತ್ತಲೇ ಚೀಲದ ಕೊಕ್ಕನ್ನು ನೀರಿಗೆ ಅದ್ದಿ ಮೀನನ್ನು ಮೊಗೆದುಕೊಳ್ಳುತ್ತದೆ.

ಏರಿಗೆ ಎದುರು ದಿಕ್ಕಿನಲ್ಲಿ, ಹಳ್ಳ ಬಂದು ಸೇರುವ ಕಡೆ, ನೀರು ತೆಳ್ಳಗೆ ಹರಡಿರುತ್ತದೆ. ವಸಂತದಲ್ಲಿ ನೀರು ಇಳಿದಂತೆ ಅಲ್ಲಿ ಕೆಸರು ತೆರೆದುಕೊಳ್ಳುತ್ತದೆ. ಚೈತ್ರದ ಬೆಳಗಿನ ಅತ್ಯಂತ ಬೆಲೆಬಾಳುವ ಜಾಗ ಇದೇ. ಬಹಳ ಜನ ಏರಿಯಿಂದಲೇ ಹಿಂದಿರುಗುವುದರಿಂದ ಖಾಲಿ ಇರುವ ಜಾಗವೂ ಹೌದು. ಅಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂಬುದನ್ನು ಕಾಲಿನ ಉದ್ದ ನಿರ್ಧರಿಸುತ್ತದೆ. ನೀರಿನಾಚೆ ಒದ್ದೆ ಮಣ್ಣಿನ ಮೇಲೆ ಸಿಪಿಲೆ ಮತ್ತು ಟಿಟ್ಟಿಭ. ಪಾದ ಮುಳುಗುವಷ್ಟು ನೀರಿನಲ್ಲಿ ಗೊರವಗಳು. ಮೊಳಕಾಲು ಮುಳುಗುವಲ್ಲಿ ಗುಲಾಬಿ ಕಡ್ಡಿಯಂಥ ಕಾಲಿನ ಮೆಟ್ಟುಗಾಲು ಹಕ್ಕಿ. ಅದಕ್ಕೂ ಆಚೆ ಬಣ್ಣದ ಕೊಕ್ಕರೆ, ಕೊಕ್ಕನ್ನು ನೀರಿನಲ್ಲಿ ಎಡಕ್ಕೂ ಬಲಕ್ಕೂ ಬೀಸುತ್ತಾ ನಡೆಯುವ ಚಮಚಕೊಕ್ಕು. ಒಂದೇ ಕೆಸರಿನಲ್ಲಿ ಇಷ್ಟು ಮಂದಿ ಜಗಳವಿಲ್ಲದೆ ಉಣ್ಣುವುದು ಹೇಗೆ ಎಂದರೆ, ಕಾಲಿನ ಉದ್ದ ಬೇರೆ, ಕೊಕ್ಕಿನ ಉದ್ದ ಬೇರೆ, ಆದ್ದರಿಂದ ಎಲೆಯೂ ಬೇರೆ.

ಜೊಂಡು ಬೆಳೆದ ಅಂಚಿನಲ್ಲಿ ನೇರಳೆ ಜಂಬುಕೋಳಿ ಬಾಲ ಎತ್ತಿ ಎತ್ತಿ ಬಿಳಿ ತೋರಿಸುತ್ತಾ ಓಡಾಡುತ್ತದೆ. ಕೆನ್ನೀಲಿ ಬಕ ಜೊಂಡಿನ ನಡುವೆ ಜೊಂಡೇ ಆಗಿ ನಿಂತಿರುತ್ತದೆ. ಅದನ್ನು ಹುಡುಕಬೇಡಿ, ಅದೇ ಕತ್ತು ಅಲ್ಲಾಡಿಸುವವರೆಗೆ ಕಾಯಿರಿ. ತಾವರೆ, ನೈದಿಲೆ ಎಲೆ ಹರಡಿದ್ದಲ್ಲಿ ಉದ್ದ ಬೆರಳಿನ ದೇವನಕ್ಕಿ ಎಲೆಯಿಂದ ಎಲೆಗೆ ನಡೆಯುತ್ತದೆ. ಕೋಡಿಯ ಕೆಳಗೆ ನಿಂತ ಪುಟ್ಟ ಗುಂಡಿಗಳನ್ನಂತೂ ಬಿಡಲೇಬೇಡಿ: ಹುಂಡುಕೋಳಿ ಮತ್ತು ಮಿಂಚುಳ್ಳಿಯ ಖಾಸಗಿ ಆಸ್ತಿ ಅದು.

ಹಾಗಾಗಿ ಇಡೀ ಕೆರೆ ಸುತ್ತುವ ಬದಲು ನಾಲ್ಕು ಕಡೆ, ಕಡೆಗೊಂದು ಕಾಲು ಗಂಟೆ.

5. ಮೊದಲು ದುರ್ಬೀನು, ಆಮೇಲೆ ಬೇಕಾದರೆ ಕ್ಯಾಮೆರಾ

ದುರ್ಬೀನಿನ ಮೇಲೆ 8×42 ಎಂದು ಬರೆದಿದ್ದರೆ, ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಎಂದರ್ಥ. ಹೊಸಬರಿಗೆ ಇದೇ ಸರಿಯಾದ ಅಳತೆ. ಹತ್ತು, ಹನ್ನೆರಡು ಪಟ್ಟು ಎಂದು ಆಸೆಪಟ್ಟರೆ ಕೈನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ, ಕಾಣುವ ಜಾಗ ಕಿರಿದಾಗುತ್ತದೆ, ಬೆಳಕೂ ಕುಗ್ಗುತ್ತದೆ. ಮರದೊಳಗಿನ ಪುಟ್ಟ ಹಕ್ಕಿಗೆ ಅದು ಪ್ರಯೋಜನವಿಲ್ಲ.

ಕೊಂಡ ದಿನವೇ ಮಾಡಬೇಕಾದ ಕೆಲಸವೊಂದಿದೆ. ಬಲಗಣ್ಣು ಮುಚ್ಚಿ, ದೂರದ ಬೋರ್ಡೊಂದನ್ನು ಎಡಗಣ್ಣಿನಲ್ಲಿ ನೋಡುತ್ತಾ ನಡುವಿನ ಚಕ್ರ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ಅದೇ ಬೋರ್ಡನ್ನು ಬಲಗಣ್ಣಿನ ಬಳಿಯ ಬಳೆ ತಿರುಗಿಸಿ ಸ್ಪಷ್ಟ ಮಾಡಿ. ಅಲ್ಲಿಂದ ಮುಂದೆ ನಡುವಿನ ಚಕ್ರವೊಂದೇ ಸಾಕು. ಕನ್ನಡಕದವರು ಕಣ್ಣಿಗೊತ್ತುವ ರಬ್ಬರನ್ನು ಒಳಕ್ಕೆ ಮಡಿಸಿಕೊಳ್ಳಬೇಕು. ಹಕ್ಕಿ ಕಂಡಾಗ ಕಣ್ಣು ಹಕ್ಕಿಯ ಮೇಲೇ ಇರಲಿ, ದುರ್ಬೀನು ಕಣ್ಣಿಗೆ ಬರಲಿ. ಕಣ್ಣು ಕೆಳಗಿಳಿಸಿ ದುರ್ಬೀನು ಹುಡುಕಿದರೆ ಹಕ್ಕಿ ಹೋದ ಹಾಗೆಯೇ.

ಕ್ಯಾಮೆರಾ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ಕ್ಯಾಮೆರಾದವರಿಗೆ ಹಕ್ಕಿ ಹಾರಿಹೋದ ಮೇಲೆ ಪರದೆಯಲ್ಲಿ ಸಿಗುವುದು, ದುರ್ಬೀನಿನವರಿಗೆ ಹಕ್ಕಿ ಇರುವಾಗಲೇ ಸಿಕ್ಕಿರುತ್ತದೆ.

6. ಬಣ್ಣವನ್ನು ಕೊನೆಗೆ ನೋಡಿ

ಬೆಳಕು ಬದಲಾದಂತೆ ಬಣ್ಣ ಮೋಸ ಮಾಡುತ್ತದೆ. ಆಕಾರ, ಬಾಲ, ಕೊಕ್ಕು, ನಡಿಗೆ ಮೋಸ ಮಾಡುವುದಿಲ್ಲ. ಮೊದಲು ಗಾತ್ರ: ಗುಬ್ಬಿಯಷ್ಟೋ, ಗೊರವಂಕದಷ್ಟೋ, ಕಾಗೆಯಷ್ಟೋ, ಹದ್ದಿನಷ್ಟೋ? ನಂತರ ಏನು ಮಾಡುತ್ತಿದೆ? ನೆಲದಲ್ಲಿ ಕುಪ್ಪಳಿಸುತ್ತಿದೆಯೋ, ನಡೆಯುತ್ತಿದೆಯೋ? ಕೊಂಬೆಯ ತುದಿಯಿಂದ ಹಾರಿ ಹುಳ ಹಿಡಿದು ಅದೇ ಕೊಂಬೆಗೆ ಬಂತೇ? ಹಾಗಾದರೆ ಕಾಜಾಣವೋ ಕಳ್ಳಿಪೀರವೋ ನೊಣಹಿಡುಕವೋ ಇರಬೇಕು. ಬಾಲ ಕತ್ತರಿಯಂತೆ ಸೀಳಿದೆ, ಮೈಯೆಲ್ಲ ಕಪ್ಪು, ಕಾಜಾಣ. ಮುಗಿಯಿತು.

ಇದಕ್ಕೆ ಪೂರ್ವಸಿದ್ಧತೆಯೆಂದರೆ ಮನೆ ಸುತ್ತಲಿನ ಹತ್ತು ಹನ್ನೆರಡು ಹಕ್ಕಿಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಷ್ಟು ಬಲ್ಲವರಾಗುವುದು. ಕಾಗೆ, ಹದ್ದು, ಗೊರವಂಕ, ಪಿಕಳಾರ, ಮಡಿವಾಳ, ಸೂರಕ್ಕಿ, ಟುವ್ವಿ ಇಂಥವು ಗಟ್ಟಿಯಾದರೆ ಹೊಸದು ಬಂದಾಗ ಅದು ಹೊಸದು ಎಂದು ತಟ್ಟನೆ ತಿಳಿಯುತ್ತದೆ. ಪುಸ್ತಕ ಬೇಕೆಂದರೆ ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಇದೆ. ಕೆರೆಗೆ ಹೊತ್ತೊಯ್ಯಬೇಕಾಗಿಲ್ಲ, ಹಿಂದಿನ ರಾತ್ರಿ ಓದಿದರೆ ಸಾಕು. ಹಕ್ಕಿ ಎದುರಿಗಿರುವಾಗ ಪುಟ ತಿರುವುವವರು ಹಕ್ಕಿಯನ್ನೂ ನೋಡುವುದಿಲ್ಲ, ಪುಸ್ತಕವನ್ನೂ ಓದುವುದಿಲ್ಲ.

7. ಒಂದೇ ಹಕ್ಕಿಗೆ ಹತ್ತು ನಿಮಿಷ ಕೊಡಿ

ಪಟ್ಟಿ ಬೆಳೆಸುವ ಚಟದಲ್ಲಿ ಕೈಬಿಟ್ಟುಹೋಗುವ ಸುಖ ಇದು. ಹಾವಕ್ಕಿಯನ್ನೇ ತೆಗೆದುಕೊಳ್ಳಿ. ನೀರಿನ ಮೇಲೆ ಕಾಣುವುದು ತೆಳ್ಳನೆಯ ಕತ್ತು, ಭರ್ಜಿಯಂಥ ಕೊಕ್ಕು ಅಷ್ಟೇ. ಮೈ ಪೂರ್ತಿ ನೀರೊಳಗೆ. ಅದು ಸದ್ದಿಲ್ಲದೆ ಮುಳುಗುತ್ತದೆ. ನೀವು ಅಲ್ಲೇ ಏಳುತ್ತದೆಂದು ನೋಡುತ್ತಿದ್ದರೆ ಇನ್ನೆಲ್ಲೋ ಏಳುತ್ತದೆ. ಕೊಕ್ಕಿನ ತುದಿಯಲ್ಲಿ ಮೀನು ಚುಚ್ಚಿಕೊಂಡಿರುತ್ತದೆ. ಈಗ ಅದಕ್ಕೊಂದು ತೊಡಕು: ಇರಿದ ಮೀನನ್ನು ನುಂಗುವುದು ಹೇಗೆ? ತಲೆ ಒದರಿ ಒದರಿ ಮೀನನ್ನು ಬಿಡಿಸಿಕೊಳ್ಳುತ್ತದೆ, ಗಾಳಿಗೆ ಎಸೆಯುತ್ತದೆ, ತಲೆ ಮುಂದಾಗಿ ಬರುವಂತೆ ಹಿಡಿದು ನುಂಗುತ್ತದೆ. ತಲೆ ಮೊದಲು ಹೋದರೆ ಮೀನಿನ ಮುಳ್ಳುರೆಕ್ಕೆ ಮಡಿಸಿಕೊಳ್ಳುತ್ತದೆ, ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲ. ಆ ತೆಳು ಕತ್ತಿನಲ್ಲಿ ಉಬ್ಬೊಂದು ನಿಧಾನಕ್ಕೆ ಇಳಿಯುವುದು ದುರ್ಬೀನಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಆಮೇಲೆ ಅದು ಒಣಮರದ ಕೊಂಬೆಗೇರಿ ರೆಕ್ಕೆ ಹರಡಿ ಕೂರುತ್ತದೆ. ಬಾತಿನ ಪುಕ್ಕದ ಮೇಲೆ ನೀರು ನಿಲ್ಲದೆ ಜಾರುತ್ತದೆ, ಹಾವಕ್ಕಿಯ ಪುಕ್ಕ ಹಾಗಲ್ಲ, ಚೆನ್ನಾಗಿ ನೆನೆಯುತ್ತದೆ. ನೆನೆದು ಭಾರವಾಗುವುದರಿಂದಲೇ ಅದು ಅಷ್ಟು ಸಲೀಸಾಗಿ ನೀರೊಳಗೆ ಈಜುವುದು. ಅದೇ ಕಾರಣಕ್ಕೆ ಪ್ರತಿ ಸಲವೂ ಮೈ ಒಣಗಿಸಿಕೊಳ್ಳಬೇಕಾದದ್ದು. ಕೆರೆಯ ನಡುವೆ ನಿಂತ ಒಣಮರಗಳನ್ನು ಅಭಿವೃದ್ಧಿ ಹೆಸರಿನಲ್ಲಿ ಕಡಿಸುವವರು ಈ ಹತ್ತು ನಿಮಿಷ ಕೊಟ್ಟಿದ್ದರೆ ಕೊಡಲಿ ಕೆಳಗಿಡುತ್ತಿದ್ದರೇನೋ.

8. ತೋಪಿನಲ್ಲಿ ಕಿವಿಗೆ ಕೆಲಸ ಕೊಡಿ

ಏಳೂವರೆ ಹೊತ್ತಿಗೆ ಕೆರೆ ಬಿಟ್ಟು ಮರಗಳ ಕಡೆ ತಿರುಗಿ. ಮೈಸೂರಿನಲ್ಲಾದರೆ ಚಾಮುಂಡಿ ಬೆಟ್ಟದ ತಪ್ಪಲಿನ ಕುರುಚಲು ಕಾಡು, ಬೆಂಗಳೂರಿನಲ್ಲಾದರೆ ಲಾಲ್‌ಬಾಗ್ ಅಥವಾ ತುರಹಳ್ಳಿ. ಇಲ್ಲಿ ಹಕ್ಕಿ ಮೊದಲು ಕೇಳಿಸುತ್ತದೆ, ಆಮೇಲೆ ಕಾಣುತ್ತದೆ.

ಟುಕ್, ಟುಕ್, ಟುಕ್ ಎಂದು ಒಂದೇ ಲಯದಲ್ಲಿ ತಾಮ್ರ ಬಡಿದಂತೆ ಕೇಳಿದರೆ ಅದು ಕಂಚುಗಾರ ಹಕ್ಕಿ. ಗಾತ್ರ ಗುಬ್ಬಿಗಿಂತ ಕೊಂಚ ದೊಡ್ಡದು, ಹಣೆ ಕೆಂಪು. ಕುಟ್ರೂ ಕುಟ್ರೂ ಎಂದು ಒಂದು ಶುರು ಮಾಡಿ ಇನ್ನೊಂದು ಉತ್ತರ ಕೊಟ್ಟರೆ ಕುಟುರ. ಪೊದೆಯೊಳಗಿನಿಂದ ಟುವ್ವಿ, ಟುವ್ವಿ, ಟುವ್ವಿ ಎಂದು ಮೈಗಿಂತ ನಾಲ್ಕು ಪಟ್ಟು ದೊಡ್ಡ ಗಂಟಲು ಬಂದರೆ ಟುವ್ವಿಯೇ. ಕುಹೂ ಎಂದು ಏರುತ್ತಾ ಹೋಗುವ ಕೋಗಿಲೆ ಗಂಡು, ಕಾಗೆಯಂತೆ ಕಪ್ಪು. ಹೆಣ್ಣಿಗೆ ಕಂದು ಮೈಯ ಮೇಲೆ ಬಿಳಿ ಚುಕ್ಕೆ. ಅದು ಹಾಡುವುದಿಲ್ಲ, ಕಿಕ್ ಕಿಕ್ ಎಂದು ಗದರುತ್ತದೆ. ಕವಿಗಳು ಶತಮಾನಗಳಿಂದ ಹೆಣ್ಣುಕೋಗಿಲೆಯನ್ನು ಹಾಡಿಸಿದ್ದಾರೆ, ಅದು ಅವರವರ ಇಷ್ಟ.

ಫೋನಿನಲ್ಲಿ ಮರ್ಲಿನ್ ಎಂಬ ಆ್ಯಪ್ ಇದೆ, ದನಿ ಕೇಳಿಸಿದರೆ ಹೆಸರು ಹೇಳುತ್ತದೆ. ಒಳ್ಳೆಯ ಮೇಷ್ಟ್ರು. ಆದರೆ ಕಾಜಾಣದಂಥ ನಕಲಿ ಕಲಾವಿದರು ಬೇಟೆಹಕ್ಕಿ ಬಿಜ್ಜುವಿನ ಕೂಗನ್ನು ಅನುಕರಿಸಿದಾಗ ಅದೂ ಮೋಸಹೋಗಬಹುದು. ಅದು ಹೇಳಿದ ಹೆಸರನ್ನು ಸುಳಿವು ಎಂದುಕೊಳ್ಳಿ, ಹಕ್ಕಿಯನ್ನು ನೋಡಿದ ಮೇಲೆ ಬರೆದುಕೊಳ್ಳಿ.

ಒಂದನ್ನು ಮಾತ್ರ ಮಾಡಬೇಡಿ: ಹಕ್ಕಿಯ ಕೂಗನ್ನು ಫೋನಿನಲ್ಲಿ ನುಡಿಸಿ ಕರೆಯುವುದು. ಗೂಡು ಕಟ್ಟುವ ಕಾಲದಲ್ಲಿ ಗಂಡುಹಕ್ಕಿ ಅದನ್ನು ತನ್ನ ಜಾಗಕ್ಕೆ ನುಗ್ಗಿದ ಎದುರಾಳಿ ಎಂದು ತಿಳಿದು, ಮೇವು ಬಿಟ್ಟು, ಮರಿ ಬಿಟ್ಟು ಕಾದಾಡಲು ಬರುತ್ತದೆ. ನಿಮಗೆ ಸಿಗುವುದು ಒಂದು ಫೋಟೊ.

9. ಹೂಬಿಟ್ಟ ಮರ ಹುಡುಕಿ, ಕೆಳಗೆ ಕೂತುಬಿಡಿ

ನನ್ನನ್ನು ಕೇಳಿದರೆ ಹದಿನಾಲ್ಕರಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ಇದನ್ನೇ ಉಳಿಸಿಕೊಳ್ಳುತ್ತೇನೆ. ಕಾಡಿನಲ್ಲಿ ಹಕ್ಕಿಯ ಹಿಂದೆ ಓಡುವುದು ದಡ್ಡತನ; ಹಕ್ಕಿ ಬಂದೇ ಬರುವ ಜಾಗದಲ್ಲಿ ಕೂರಬೇಕು. ವಸಂತದಲ್ಲಿ ಅಂಥ ಜಾಗಗಳಿಗೆ ಬರವಿಲ್ಲ. ಬೂರುಗ, ಹಾಲವಾಣ, ಮುತ್ತುಗ ಎಲೆಯಿಲ್ಲದೆ ಕೆಂಪಗೆ ಹೂಬಿಡುತ್ತವೆ. ಬೂರುಗದ ಒಂದೊಂದು ಹೂವೂ ದಪ್ಪ ಬಟ್ಟಲು, ತಳದಲ್ಲಿ ಮಕರಂದ. ಅದಕ್ಕೆ ಸೂರಕ್ಕಿ ಮಾತ್ರವಲ್ಲ, ಗೊರವಂಕ, ಕಬ್ಬಕ್ಕಿ, ಪಿಕಳಾರ, ಕಾಜಾಣ, ಎಲೆಹಕ್ಕಿ, ಕಾಗೆ, ಕೊನೆಗೆ ಅಳಿಲೂ ಸರದಿಯಲ್ಲಿ ಬರುತ್ತವೆ. ಸೂರಕ್ಕಿಗೆ ಬಾಗಿದ ಕೊಕ್ಕಿದೆ, ಸಭ್ಯವಾಗಿ ಹೀರುತ್ತದೆ. ಗಿಳಿ ಹೂವನ್ನೇ ಕಿತ್ತು ಜಗಿದು ಬಿಸಾಡುತ್ತದೆ. ಗೊರವಂಕ ಮುಖವನ್ನೇ ಹೂವಿನೊಳಗೆ ಇಳಿಸಿ, ಹೊರಗೆ ಬರುವಾಗ ಹಣೆ ತುಂಬ ಪರಾಗ ಹೊತ್ತು ಇನ್ನೊಂದು ಹೂವಿಗೆ ಹೋಗುತ್ತದೆ. ಮರಕ್ಕೆ ಬೇಕಾದದ್ದೂ ಅದೇ.

ಹೊಂಗೆ ಮತ್ತು ಮಾವಿನ ಹೂವಿಗೆ ಹುಳ ಬರುತ್ತವೆ, ಹುಳಕ್ಕೆ ಉಲಿಯಕ್ಕಿ, ಮಧುರಕಂಠ, ನೊಣಹಿಡುಕ ಬರುತ್ತವೆ. ಹಣ್ಣಾದ ಆಲ, ಅತ್ತಿ, ಗೋಣಿ ಸಿಕ್ಕರೆ ಆ ಬೆಳಗಿನ ಉಳಿದ ಯೋಜನೆಯನ್ನೆಲ್ಲ ಕೈಬಿಡಿ. ಕುಟುರ, ಕೋಗಿಲೆ, ಪಿಕಳಾರ, ಹೊನ್ನಕ್ಕಿ ಎಲ್ಲವೂ ಒಂದೇ ಪಂಕ್ತಿಯಲ್ಲಿ. ಪಶ್ಚಿಮಘಟ್ಟದ ಕಡೆಯವರಿಗೆ ಮಂಗಟ್ಟೆಯೂ ಸೇರಿಕೊಳ್ಳುತ್ತದೆ.

ಮಾವಿನ ಕೊಂಬೆಯ ಮೇಲೆ ಬೇರೆ ಥರದ ಎಲೆಯ ಗೊಂಚಲು ಕಂಡರೆ ಅದು ಬದನಿಕೆ, ಮರದ ಮೇಲೆ ಬೇರೂರಿದ ಪರಾವಲಂಬಿ ಗಿಡ. ಅದರ ಹತ್ತಿರ ಹೆಬ್ಬೆರಳಿಗಿಂತ ತುಸು ದೊಡ್ಡದಾದ, ಬೂದುಬಣ್ಣದ, ಅತ್ತಿತ್ತ ಚಿಮ್ಮುವ ಹಕ್ಕಿಯೊಂದಿರುತ್ತದೆ. ಅದೇ ಬದನಿಕೆ ಹಕ್ಕಿ, ಉದ್ದ ಸುಮಾರು 8 ಸೆಂಟಿಮೀಟರ್, ದೇಶದ ಅತಿ ಸಣ್ಣ ಹಕ್ಕಿಗಳಲ್ಲಿ ಒಂದು. ಬದನಿಕೆಯ ಹಣ್ಣು ನುಂಗುತ್ತದೆ, ಬೀಜ ಅಂಟಂಟಾಗಿ ಹೊರಬರುತ್ತದೆ, ಅದನ್ನು ಕೊಂಬೆಗೆ ಒರೆಸಿ ಹೋಗುತ್ತದೆ. ಹೊಸ ಬದನಿಕೆ ಅಲ್ಲಿ ಮೊಳೆಯುತ್ತದೆ. ಮಾವಿನ ತೋಟದವರಿಗೆ ಈ ಹಕ್ಕಿಯ ಮೇಲೆ ಸಿಟ್ಟು. ಆದರೆ ಹಕ್ಕಿಗೂ ಗಿಡಕ್ಕೂ ಇರುವ ಒಪ್ಪಂದ ತೋಟಕ್ಕಿಂತ ಹಳೆಯದು.

10. ಮೈ ಮುಚ್ಚುವ ಬಟ್ಟೆ, ಮಾಸಲು ಬಣ್ಣ

ಕಾಕಿ, ಹಸಿರು, ಕಂದು ಯಾವುದಾದರೂ ಸರಿ. ಬಿಳಿ ಷರಟು ಬೇಡ. ಟೋಪಿ, ನೀರು, ಹಳೆಯ ಶೂ. ಇಷ್ಟೇ ಸಾಕಿತ್ತು, ಆದರೆ ಮಲೆನಾಡಿನವರಿಗೆ ಒಂದು ಮಾತು ಹೆಚ್ಚು ಹೇಳಬೇಕು. ಹಕ್ಕಿ ನೋಡಲು ಹಿತವಾದ ಈ ತಿಂಗಳುಗಳೇ ಮಂಗನ ಕಾಯಿಲೆಯ ತಿಂಗಳುಗಳೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರವನ್ನು ಹರಡುವುದು ಉಣುಗು. ಒಣ ತರಗೆಲೆಯ ಮೇಲೆ ಕೂರಬೇಡಿ. ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿ, ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ, ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ನೆನೆಹಾಕಿ. ನಿಮ್ಮ ಊರಿನಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಆ ಕಾಡಿನ ಆಸೆ ಬಿಡಿ, ಕೆರೆ ಏರಿಯೇ ಸಾಕು.

11. ಗೂಡು ಕಂಡರೆ ಹಿಂದಕ್ಕೆ ಸರಿಯಿರಿ

ತಾಯಿಹಕ್ಕಿ ನಿಮ್ಮನ್ನು ನೋಡಿ ಕೂಗಲು ಶುರು ಮಾಡಿದರೆ ನೀವು ಆಗಲೇ ತೀರಾ ಹತ್ತಿರ ಹೋಗಿದ್ದೀರಿ. ಟಿಟ್ಟಿಭ ನೆಲದ ಮೇಲೆ ಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ, ಮೊಟ್ಟೆಗೂ ಕಲ್ಲಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಅದು ತಲೆಯ ಮೇಲೆ ಸುತ್ತುತ್ತಾ ಅರಚಿದರೆ ಬಂದ ಹೆಜ್ಜೆಯಲ್ಲೇ ವಾಪಸು ಹೊರಡಿ. ಫೋಟೊಕ್ಕೆ ಅಡ್ಡ ಬಂತೆಂದು ಗೂಡಿನ ಮುಂದಿನ ಎಲೆ ಕೊಂಬೆ ಸರಿಸುವವರಿದ್ದಾರೆ. ಆ ಎಲೆ ಅಲ್ಲಿದ್ದದ್ದು ಬಿಸಿಲಿಗೆ ಮತ್ತು ಕಾಗೆಯ ಕಣ್ಣಿಗೆ ಮರೆಯಾಗಿ.

ಜೊತೆಯಲ್ಲಿ ಬದುಕುವುದು ಹೇಗೆಂದು ನೋಡಬೇಕಾದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಯಂಗಳದ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಎತ್ತಿನಗಾಡಿ, ಮೋಟಾರು ಬೈಕು, ಮಕ್ಕಳ ಗಲಾಟೆ. ಮೇಲೆ ಹಕ್ಕಿ ಸಂಸಾರ. ಹಿಕ್ಕೆಯ ವಾಸನೆಯನ್ನು ಊರಿನವರು ಸಹಿಸಿಕೊಳ್ಳುತ್ತಾರೆ, ಅದನ್ನೇ ಹೊಲಕ್ಕೆ ಗೊಬ್ಬರ ಮಾಡುತ್ತಾರೆ. ಹೊರಗಿನಿಂದ ಹೋದ ನಾವು ಅಲ್ಲಿ ಕೈಚಪ್ಪಾಳೆ ತಟ್ಟಿ ಹಕ್ಕಿ ಹಾರಿಸಬಾರದು ಎಂದು ಬಾಯಿಬಿಟ್ಟು ಹೇಳಬೇಕಾದ್ದು ನಾಚಿಕೆಗೇಡು.

12. ಮೀನಿಗೆ ಬಲೆ ಹಾಕುವವರನ್ನು, ದನ ಕಾಯುವವರನ್ನು ಮಾತಾಡಿಸಿ

"ಅಣ್ಣ, ಈ ಸಲ ಬಾತು ಬಂದಿದ್ವಾ?"

"ಬಂದಿದ್ವು ಸ್ವಾಮಿ, ಸಂಕ್ರಾಂತಿವರ್ಗೂ ಆ ಮೂಲೇಲಿ ತುಂಬ್ಕೊಂಡಿದ್ವು. ಈಗ ನೀರು ಇಳೀತಲ್ಲ, ಆ ಕಡೆ ಕೆರೆಗೆ ಹೋಗವೆ."

ಇಷ್ಟು ಸಾಕು. ಯಾವ ಮೂಲೆ, ಯಾವ ಕಾಲ, ನೀರಿಗೂ ಹಕ್ಕಿಗೂ ಸಂಬಂಧವೇನು, ಈಗ ಎಲ್ಲಿಗೆ ಹೋಗಬೇಕು, ನಾಲ್ಕೂ ಸಿಕ್ಕಿತು. ವರ್ಷವಿಡೀ ಕೆರೆಯಲ್ಲೇ ಇರುವವರ ಬಳಿ ಪುಸ್ತಕದ ಹೆಸರುಗಳನ್ನು ಉದುರಿಸಿ ದೊಡ್ಡಸ್ತಿಕೆ ತೋರಿಸಬೇಡಿ.

13. ಅಲ್ಲೇ ಬರೆಯಿರಿ, ಎಣಿಸಿ ಬರೆಯಿರಿ

ಜೇಬಿಗೆ ಹಿಡಿಸುವ ನೋಟ್‌ಬುಕ್, ಸೀಸದಕಡ್ಡಿ. ದಿನಾಂಕ, ಜಾಗ, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು. 'ಬಹಳ' ಎಂದು ಬರೆದರೆ ಅರ್ಥವಿಲ್ಲ, ಅಂದಾಜಾದರೂ ಸಂಖ್ಯೆ ಇರಲಿ. ದೊಡ್ಡ ಹಿಂಡಾದರೆ ಹತ್ತು ಹಕ್ಕಿ ಎಣಿಸಿ, ಅಷ್ಟು ಜಾಗದ ಎಷ್ಟು ಪಾಲು ಹಿಂಡಿದೆ ಎಂದು ಗುಣಿಸಿ. ಕಾಗೆ, ಗೊರವಂಕ ಕೂಡ ಬರೆಯಬೇಕು. ಇಂದು ಸಾಮಾನ್ಯವಾದದ್ದು ನಾಳೆಯೂ ಸಾಮಾನ್ಯವಾಗಿರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ.

ಮನೆಗೆ ಬಂದು ಆ ಪಟ್ಟಿಯನ್ನು ಇ-ಬರ್ಡ್ ಎಂಬ ಜಾಲತಾಣಕ್ಕೆ ಸೇರಿಸಿ. ವ್ಯರ್ಥ ಕೆಲಸ ಅನ್ನಿಸಿದರೆ ಇದನ್ನು ಯೋಚಿಸಿ: 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳ ಲೆಕ್ಕ ಹಾಕಿದ್ದು ಸುಮಾರು 30,000 ಹಕ್ಕಿ ನೋಡುಗರು ಹೀಗೆ ಸೇರಿಸಿದ ಪಟ್ಟಿಗಳ ಆಧಾರದ ಮೇಲೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಪಟ್ಟೆತಲೆ ಹೆಬ್ಬಾತುಗಳು ನಂಜನಗೂಡು ಕಡೆಯ ಹದಿನಾರು ಎಂಬ ಊರಿನ ಕೆರೆಗೂ ಬರುತ್ತವೆಂದು ಜಗತ್ತಿಗೆ ತಿಳಿದದ್ದು, ದಂಡೆಯಲ್ಲಿ ನಿಂತವರು ಪಟ್ಟಿಯ ಮೇಲಿನ ಅಕ್ಷರಗಳನ್ನು ದುರ್ಬೀನಿನಲ್ಲಿ ಓದಿ ಬರೆದುಕೊಂಡದ್ದರಿಂದ.

ಒಬ್ಬರೇ ಎಣಿಸಲು ಬೇಸರವಾದರೆ ಜೊತೆ ಹುಡುಕಿ, ಆದರೆ ನಾಲ್ಕು ಜನಕ್ಕಿಂತ ಹೆಚ್ಚು ಬೇಡ. ಒಬ್ಬರು ಎಣಿಸುವುದು, ಒಬ್ಬರು ಬರೆಯುವುದು, ಉಳಿದವರು ಬಾಯಿ ಮುಚ್ಚಿಕೊಂಡಿರುವುದು. ಮಕ್ಕಳಿದ್ದರೆ ಎಣಿಸುವ ಕೆಲಸ ಅವರಿಗೆ ಕೊಡಿ, ಕಣ್ಣು ಅವರದೇ ಚುರುಕು.

14. ಒಂಬತ್ತೂವರೆ ಆದ ಮೇಲೆ ತಲೆ ಎತ್ತಿ

ಬಿಸಿಲು ಏರಿದಂತೆ ಸಣ್ಣ ಹಕ್ಕಿಗಳು ನೆರಳು ಸೇರಿ ಸುಮ್ಮನಾಗುತ್ತವೆ. ಎಲ್ಲರೂ ದುರ್ಬೀನು ಚೀಲಕ್ಕಿಟ್ಟು ಹೊರಡುವ ಈ ಹೊತ್ತಿನಲ್ಲಿ ಬೇಟೆಹಕ್ಕಿಗಳ ಪಾಳಿ ಶುರು. ನೆಲ ಕಾದು ಬಿಸಿಗಾಳಿ ಮೇಲೇಳುವವರೆಗೆ ದೊಡ್ಡ ರೆಕ್ಕೆಯವು ಹಾರಲು ಸೋಮಾರಿಗಳು. ಎದ್ದ ಮೇಲೆ ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೆ ಮೇಲೆ ಹೋಗುತ್ತವೆ. ಬಾಲ ನಡುವೆ ಸೀಳಿದಂತಿದ್ದರೆ ಹದ್ದು. ಬಾಲದ ತುದಿ ದುಂಡಗಿದ್ದು, ತಲೆ ಎದೆ ಬೆಳ್ಳಗೆ, ಮೈ ಇಟ್ಟಿಗೆ ಕೆಂಪಾದರೆ ಗರುಡ. ಚಿಕ್ಕದಾಗಿದ್ದು, ಬೇಗ ಬೇಗ ನಾಲ್ಕಾರು ಸಲ ರೆಕ್ಕೆ ಬಡಿದು ಆಮೇಲೆ ತೇಲಿದರೆ ಬಿಜ್ಜು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಇದೇ ಬಿಸಿಗಾಳಿ ಹಿಡಿದು ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹೋಗುತ್ತವೆ. ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ನಿಂತರೆ ಕೆಲವೊಮ್ಮೆ ನಿಮ್ಮ ಕಣ್ಣಿನ ಮಟ್ಟದಲ್ಲೇ ಸಾಗುತ್ತವೆ. ಮೆಟ್ಟಿಲು ಹತ್ತಲಾರದವರು ತಿಂಡಿಗೆ ಹೋಗುವ ಹೋಟೆಲಿನಲ್ಲಿ ಒಳಗೆ ಫ್ಯಾನಿನ ಕೆಳಗೆ ಕೂರದೆ, ಆಕಾಶ ಕಾಣುವ ಕಡೆ ಕುರ್ಚಿ ಎಳೆದುಕೊಳ್ಳಿ. ದುರ್ಬೀನು ಮೇಜಿನ ಮೇಲಿರಲಿ, ಸಾಂಬಾರು ಸಿಡಿಯದಷ್ಟು ದೂರದಲ್ಲಿ.